ಬಡಿಸಿದ್ದಷ್ಟೇ ಎಲೆಯ ಮೇಲೆ

ನನಗೆ ಸಿಟ್ಟು ಹೆಚ್ಚು ಎಂದು ಸವದತ್ತಿಯ ಅರ್ಧ ಊರು ಹೇಳುತ್ತದೆ, ಉಳಿದರ್ಧ ಊರಿಗೆ ಹೇಳುವ ಧೈರ್ಯವಿಲ್ಲ. ಇಪ್ಪತ್ತಾರು ವರ್ಷ ಒಂದು ಮಂಗಲ ಕಾರ್ಯಾಲಯ ನಡೆಸಿ ನೋಡಿ, ಆಮೇಲೆ ಸುಂದರಾಬಾಯಿಯ ಸಿಟ್ಟಿನ ಮಾತಾಡಿ. ಗಂಡಿನ ಕಡೆಯವರಿಗೆ ಬಿಸಿನೀರು ಕಡಿಮೆ, ಹೆಣ್ಣಿನ ಕಡೆಯವರಿಗೆ ಗಾದಿ ಕಡಿಮೆ, ಫೋಟೋ ತೆಗೆಯುವವನಿಗೆ ಬೆಳಕು ಕಡಿಮೆ. ಎಲ್ಲರ ಕಡಿಮೆಗೂ ನಾನೇ ಹೊಣೆ. ನಮ್ಮವರು ತೀರಿಕೊಂಡಾಗ ಇವಳು ಬಾಗಿಲು ಹಾಕುತ್ತಾಳೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನು ಹಾಕಲಿಲ್ಲ. ಅಂಥ ಕಾರ್ಯಾಲಯಕ್ಕೆ ಹೋದ ವರ್ಷ ಕಸದ ದೆಸೆಯಿಂದ ಬೀಗ ಬೀಳುವ ಹೊತ್ತು ಬಂದಿತ್ತು.

ಅಡುಗೆಮನೆ ನಮ್ಮಣ್ಣ ವೆಂಕಣ್ಣನದು. ಅರವತ್ತೆಂಟು ವರ್ಷ, ಒಂಟಿ ಜೀವ, ಒಲೆಯ ಮುಂದೆ ನಿಂತರೆ ಎಂಟು ನೂರು ಮಂದಿಗೆ ಗೋಧಿ ಹುಗ್ಗಿ ಇಳಿಸುವ ಕೈ. ನಮ್ಮ ಮನೆತನ ಪೌರೋಹಿತ್ಯ ಬಿಟ್ಟು ಎರಡು ತಲೆಮಾರು ಕಳೆದರೂ ಅವನು ಮಡಿ ಬಿಟ್ಟಿಲ್ಲ. ಒದ್ದೆ ಪಂಚೆ ಉಟ್ಟು ಒಳಗೆ ಹೋದನೆಂದರೆ ಕಡೆಯ ಪಂಕ್ತಿ ಏಳುವವರೆಗೆ ಯಾರೂ ಅವನನ್ನು ಮುಟ್ಟುವಂತಿಲ್ಲ. ಬಡಿಸಲು ಪಂಕ್ತಿಗೆ ಬರುತ್ತಾನೆ, ಉಂಡೆದ್ದ ಎಲೆಗಳ ಕಡೆ ಮಾತ್ರ ಕಣ್ಣು ಸಹ ಹಾಯಿಸುವುದಿಲ್ಲ.

ಆ ಎಲೆಗಳು ಲಗಮವ್ವನ ಪಾಲು. ಉಗರಗೋಳದ ಲಗಮವ್ವ ತನ್ನ ನಾದಿನಿ, ಸೊಸೆ, ತಂಗಿಯ ಮಕ್ಕಳು ಅಂತ ಎಂಟು ಮಂದಿ ಹೆಂಗಸರನ್ನು ಕಟ್ಟಿಕೊಂಡು ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿ ಎಲೆ ಎತ್ತುತ್ತಾಳೆ, ಪಾತ್ರೆ ತಿಕ್ಕುತ್ತಾಳೆ. ಬರುವುದೂ ಹೋಗುವುದೂ ಹಿತ್ತಲ ಬಾಗಿಲಿಂದ. ಹಾಗೇ ಬರಬೇಕೆಂದು ನಾನು ಎಂದೂ ಹೇಳಿದ್ದಿಲ್ಲ. ಹಾಗೆ ಬರಬೇಡ ಎಂದೂ ಹೇಳಿದ್ದಿಲ್ಲ.

ಯುಗಾದಿಯ ಮುಂದೆ ಅವಳು ಬಂದು, ಮೊಮ್ಮಗಳು ಮಂಜುಳಾಗೆ ರಾಮದುರ್ಗದ ಹುಡುಗ ಗೊತ್ತಾಗಿದ್ದಾನೆ, ಅಪ್ಪು ಅಂತ ಹೆಸರು, ಮದುವೆ ನಿಮ್ಮ ಕಾರ್ಯಾಲಯದಲ್ಲೇ ಆಗಬೇಕು ಎಂದಳು. ನನಗೆ ಸಂತೋಷವಾಯಿತು, ಪುಕ್ಕಟೆ ಮಾಡಿಕೊಡುತ್ತೇನೆ ಎಂದೆ. ಅವಳ ಮುಖ ಬಿಗಿಯಿತು.

"ಪುಕ್ಕಟ ಸಿಗೂ ಬಾಗಲಾ ಹಿಂದಿಂದ ಐತೆಲ್ಲರಿ, ಅಕ್ಕಾರ. ನನಗ ಮುಂದಿನ ಬಾಗಲಾ ಬೇಕು. ಒಂದ ದಿನಾ ನಾ ಅದರಾಗಿಂದ ಬೀಗತಿ ಆಗಿ ಒಳಗ ಬರಬೇಕು."

ನಾನು ಎಲ್ಲರಿಗೂ ಬರೆದುಕೊಡುವ ಹಾಗೆ ಬಾಡಿಗೆ, ತಾರೀಖು ಬರೆದುಕೊಟ್ಟೆ.

ಆ ತಾರೀಖಿಗೆ ಹನ್ನೆರಡು ದಿನ ಇರುವಾಗ ಬೈಲಹೊಂಗಲದವರ ಮದುವೆಯೊಂದು ನಡೆಯಿತು. ಅವತ್ತು ಮಧ್ಯಾಹ್ನ, ಕಡೆಯ ಪಂಕ್ತಿ ಎದ್ದ ಹೊತ್ತಿಗೆ, ಪುರಸಭೆಯ ಆರೋಗ್ಯ ನಿರೀಕ್ಷಕಿ ಶೈಲಜಾ ಬಂದಳು. ಮೂವತ್ತು ದಾಟಿರದ ಹುಡುಗಿ, ಸಣ್ಣ ದನಿ, ಕೈಯಲ್ಲೊಂದು ಕಡತ. ಸಂಕ್ರಾಂತಿಯ ಸುಮಾರಿಗೆ ಅವಳೇ ಒಂದು ನೋಟಿಸು ಕೊಟ್ಟಿದ್ದಳು: ಹಿತ್ತಲಲ್ಲಿ ಕಸ ಸುಡಬೇಡಿ, ಹಸಿ ಕಸ ಒಣ ಕಸ ಬೇರೆ ಮಾಡಿ, ಹಸಿಯದನ್ನು ನಿಮ್ಮ ಜಾಗದಲ್ಲೇ ಗೊಬ್ಬರ ಮಾಡಿ ಎಂದು. ಸುಡುವುದನ್ನು ಅಂದೇ ನಿಲ್ಲಿಸಿದ್ದೆ. ಬೇರೆ ಮಾಡುವ ಕೆಲಸ ಅಣ್ಣನಿಗೆ ಒಪ್ಪಿಸಿದ್ದೆ, ಅಲ್ಲೇ ನಾನು ಕೆಟ್ಟೆ.

ಅಣ್ಣ ಮೂರು ಡ್ರಮ್ಮು ತರಿಸಿ ಸುಣ್ಣದಲ್ಲಿ ಮೂರು ಹೆಸರು ಬರೆದಿದ್ದ. ಅಡುಗೆಗೆ ಮುಂಚಿನ ಕಸ 'ಮಡಿ', ಬೆಂದ ಅನ್ನ ಸೋಕಿದ್ದು 'ಮುಸುರಿ', ಬಾಯಿ ಸೋಕಿದ್ದು 'ಎಂಜಲ'. ನಮ್ಮಷ್ಟು ಚೊಕ್ಕವಾಗಿ ಕಸ ಬೇರ್ಪಡಿಸುವವರು ಬೆಳಗಾವಿಯಲ್ಲೂ ಸಿಗಲಾರರು ಎಂದು ನಾನು ಎದೆಯುಬ್ಬಿಸಿ ಶೈಲಜಾಳನ್ನು ಕರೆದೊಯ್ದು ನಿಲ್ಲಿಸಿದೆ. ಅವಳು ಮಡಿ ಡ್ರಮ್ಮಿನಲ್ಲಿ ಬಗ್ಗಿ ನೋಡಿದಳು. ಕುಂಬಳಕಾಯಿ ಸಿಪ್ಪೆಯ ನಡುವೆ ನಲವತ್ತು ಹಾಲಿನ ಪಾಕೀಟು. ಮುಸುರೆಯದರಲ್ಲಿ ಸೀದ ಅನ್ನದ ಜೊತೆ ಅನ್ನದ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ. ಎಂಜಲಿನದನ್ನಂತೂ ಕೇಳಲೇಬೇಡಿ, ಎಲೆಗಿಂತ ಬಾಟಲಿಯೇ ಹೆಚ್ಚು. ಮಡಿ ಡ್ರಮ್ಮಿನಲ್ಲಿ ಪ್ಲಾಸ್ಟಿಕ್ ಯಾಕೆ ಎಂದು ಅವಳು ಕೇಳಿದಾಗ, ಹಾಲು ಮಡಿಯಲ್ಲವೇನು ಎಂದು ನಾನೇ ತಿರುಗಿ ಕೇಳಿದೆ. ನನ್ನ ಬುದ್ಧಿಗಿಷ್ಟು.

ಅವಳು ನಗಲಿಲ್ಲ, ಅದೊಂದು ಒಳ್ಳೆಯ ಗುಣ.

"ಅಮ್ಮಾರ, ಕಾಯ್ದೆ ಕೇಳೂದು ಒಂದ ಮಾತು. ಮಣ್ಣಾಗ ಹಾಕಿದ್ರ ಕೊಳಿತೈತೋ ಇಲ್ಲೋ? ಕೊಳಿಯೂದು ಒಂದ ಕಡೆ, ಕೊಳಿಲಾರದ್ದು ಒಂದ ಕಡೆ. ಯಾರು ಮುಟ್ಟಿದ್ರು ಅಂತ ಅದು ಕೇಳಂಗಿಲ್ಲ."

ಅಲ್ಲೇ ನಿಂತು ಎರಡನೆಯ ನೋಟಿಸು ಬರೆದಳು. ನೂರು ಮಂದಿಗಿಂತ ಹೆಚ್ಚು ಸೇರುವ ಯಾವ ಕಾರ್ಯವಿದ್ದರೂ ಮೂರು ದಿನ ಮೊದಲು ಕಚೇರಿಗೆ ತಿಳಿಸಬೇಕು. ಮುಂದಿನ ಕಾರ್ಯದ ದಿನ ಊಟದ ಹೊತ್ತಿಗೆ ತಾನೇ ಬಂದು ನೋಡುತ್ತೇನೆ. ಹೀಗೇ ಕಂಡರೆ ಪರವಾನಗಿ ರದ್ದು, ಅವತ್ತೇ ಬೀಗ. ನಾನು ಕೂಗಾಡಿದೆ. ನಮ್ಮ ಅಜ್ಜನ ಕಾಲದಿಂದ ಹಿಡಿದು ಹೇಳಬಾರದ್ದನ್ನೆಲ್ಲ ಹೇಳಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಸಹಿ ಹಾಕಿಸಿಕೊಂಡು, ನಮಸ್ಕಾರ ಮಾಡಿ ಹೋದಳು. ಮುಂದಿನ ಕಾರ್ಯ ಮಂಜುಳಾಳ ಮದುವೆಯಾಗಿತ್ತು.

ತಿರುಗಿ ನೋಡಿದರೆ ಲಗಮವ್ವ ತಿಕ್ಕುತ್ತಿದ್ದ ಕೊಪ್ಪರಿಗೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ಕೂತಿದ್ದಳು. ಎಲ್ಲವೂ ಅವಳ ಕಿವಿಗೆ ಬಿದ್ದಿತ್ತು. ಬೀಗರು ಉಣ್ಣುತ್ತ ಕೂತಿರುವಾಗ ಬೀಗ ಹಾಕಿದರೆ ನಿನ್ನ ಮಾನ ಹೋಗುತ್ತದೆ, ಬೇಕಾದರೆ ಬೇರೆ ಕಾರ್ಯಾಲಯ ನೋಡೋಣ, ನಾನೇ ಮಾತಾಡುತ್ತೇನೆ ಎಂದೆ. ಬೇರೆ ಬಾಗಿಲು ತಗೊಂಡು ನಾನೇನು ಮಾಡಲಿ ಎಂದಳು. ಹಾಗಾದರೆ ನಾಳೆಯೇ ಹಸಿರು ಡ್ರಮ್ಮು ನೀಲಿ ಡ್ರಮ್ಮು ತರಿಸುತ್ತೇನೆ ಎಂದು ನಾನು ಹೊರಟರೆ, ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದಳು.

"ಡ್ರಮ್ಮಿನ್ಯಾಗ ಏನೂ ಇಲ್ಲರಿ ಅಕ್ಕಾರ. ಇರೂದೆಲ್ಲಾ ಎಲ್ಯಾಗ ಐತಿ. ಆಚಾರ್ರನ್ನ ಕರೀರಿ, ತೋರಸ್ತೇನಿ."

ಅಣ್ಣ ಬಂದ, ಪಂಚೆಯನ್ನು ಮೊಣಕಾಲಿಗೆ ಎತ್ತಿಹಿಡಿದುಕೊಂಡು ಹತ್ತು ಮಾರು ದೂರ ನಿಂತ. ಲಗಮವ್ವ ರಾಶಿಯಿಂದ ಮಡಚಿದ ಬಾಳೆ ಎಲೆಯೊಂದನ್ನು ಎತ್ತಿ ಕಲ್ಲಿನ ಮೇಲಿಟ್ಟು ಬಿಡಿಸಿದಳು. ಉಳಿದ ಹುಗ್ಗಿಯ ಮೇಲೆ ನೀರಿನ ಬಾಟಲಿಯ ಮುಚ್ಚಳ, ಐಸ್‌ಕ್ರೀಮಿನ ಬಟ್ಟಲು, ಒರೆಸಿ ಬಿಸಾಕಿದ ಕಾಗದ, ಹರಿದ ಗುಟಕಾ ಚೀಟಿ. ಇನ್ನೊಂದು ಬಿಡಿಸಿದಳು, ಅದೇ. ಹತ್ತು ಬಿಡಿಸಿದಳು. ಉಂಡವರು ಎಲ್ಲವನ್ನೂ ಒಳಗಿಟ್ಟು ಮರ್ಯಾದಸ್ತರ ಹಾಗೆ ಮಡಚಿ ಏಳುತ್ತಾರೆ. ಆಮೇಲೆ ಎಂಟು ನೂರು ಎಲೆಯನ್ನು ತಾವು ಒಂಬತ್ತು ಜನ ಬಿಡಿಸಬೇಕು, ಅಷ್ಟರಲ್ಲಿ ಮುಂದಿನ ಪಂಕ್ತಿ ಬಾಗಿಲಲ್ಲಿ ಗದ್ದಲ ಮಾಡುತ್ತಿರುತ್ತದೆ, ಆಗ ಇದ್ದಂತೆ ಸುರಿಯುತ್ತೇವೆ ಎಂದಳು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕಥೆ. ಇಪ್ಪತ್ತೆರಡು ವರ್ಷದಲ್ಲಿ ಈ ಹೆಂಗಸನ್ನು ಒಂದು ಮಾತು ಕೇಳಿರಲಿಲ್ಲ ನಾವು.

ನಾನು ಅಣ್ಣನ ಮುಖ ನೋಡಿದೆ. ಎಂಜಲು ನೋಡಬೇಕಾಯಿತೆಂದು ಅವನು ಹೇಸುತ್ತಾನೆ ಅಂದುಕೊಂಡಿದ್ದೆ. ಅವನ ಕಣ್ಣು ಕೆಂಪಾಗಿದ್ದವು. ಬೆಳಗಿನ ಮೂರಕ್ಕೆದ್ದು ಮಾಡಿದ ಹುಗ್ಗಿ, ಅದರೊಳಗೆ ಗುಟಕಾ ಚೀಟಿ.

"ಸುಂದ್ರಾ, ನಾ ಬಡಿಸಿದ್ದಷ್ಟ ಎಲಿ ಮ್ಯಾಲ ಇರಬೇಕು. ಬ್ಯಾರೆ ಏನು ಬಂದರೂ ಅದು ಮೈಲಿಗಿ. ಇನ್ನ ಮ್ಯಾಲ ಈ ಪಂಗತಿಗೆ ಇದ ಕಾಯ್ದೆ."

ಪುರಸಭೆಯವರು ಎರಡು ನೋಟಿಸು ಕೊಟ್ಟು ಹೇಳಲಾಗದ್ದನ್ನು ನಮ್ಮಣ್ಣ ತನ್ನ ಸಿಟ್ಟಿನಲ್ಲಿ ಒಂದೇ ಮಾತಿನಲ್ಲಿ ಹೇಳಿಬಿಟ್ಟ. ಕೊಳೆಯದ ವಸ್ತು ಎಲೆಯ ಹತ್ತಿರವೇ ಬರದಿದ್ದರೆ ಬೇರ್ಪಡಿಸುವುದು ಏನಿರುತ್ತದೆ? ಲಗಮವ್ವ ತಲೆಯಾಡಿಸಿದಳು. ತಾನೂ ಅದನ್ನೇ ಹೇಳುತ್ತಿರುವುದು, ಆದರೆ ಆಚಾರ್ಯರು ಹೇಳಿದರೆ ಮಂದಿ ಕೇಳುತ್ತಾರೆ ಎಂದಳು.

ಆ ಹನ್ನೆರಡು ದಿನ ಕಾರ್ಯಾಲಯದಲ್ಲಿ ಯಾರಿಗೂ ಬಿಡುವಿರಲಿಲ್ಲ. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಒಂಬೈನೂರು ಸ್ಟೀಲ್ ಲೋಟ ಕೆಳಗಿಳಿದವು. ಬಾಟಲಿ ನೀರು ಬಂದ ಮೇಲೆ ಅವನ್ನು ಮರೆತೇಬಿಟ್ಟಿದ್ದೆ. ಹಾಲು ಕ್ಯಾನಿನಲ್ಲಿ, ಎಣ್ಣೆ ಡಬ್ಬಿಯಲ್ಲಿ, ಬೇಳೆ ಗೋಣಿಚೀಲದಲ್ಲಿ ಬರಬೇಕೆಂದು ಅಣ್ಣ ಅಂಗಡಿಯವರಿಗೆ ತಾಕೀತು ಮಾಡಿದ. ಪ್ಲಾಸ್ಟಿಕ್ ಚೀಲದಲ್ಲಿ ತಂದ ಒಬ್ಬನ ಸಕ್ಕರೆಯನ್ನು ಬಾಗಿಲಿಂದಲೇ ತಿರುಗಿಸಿ ಕಳಿಸಿದ. ಹಿತ್ತಲಲ್ಲಿ ಎರಡು ಗೊಬ್ಬರದ ಗುಂಡಿ ತೋಡಿಸಿದೆವು. ನಾನು ತೋರಿಸಿದ ಜಾಗವನ್ನು ಲಗಮವ್ವ ಒಪ್ಪಲಿಲ್ಲ, ಮಳೆನೀರು ನಿಲ್ಲುತ್ತದೆ ಎಂದು ಗೋಡೆಯ ಮೂಲೆಗೆ ಸರಿಸಿದಳು. ಉಂಡೆದ್ದವರು ಎಲೆ ಮಡಚದೆ ಬಿಚ್ಚಿಟ್ಟೇ ಏಳಬೇಕೆಂದೂ ಅವಳೇ ಗೊತ್ತುಮಾಡಿದಳು. ಮೂರು ದಿನ ಮೊದಲು ನಾನೇ ಪುರಸಭೆಗೆ ಹೋಗಿ ಶೈಲಜಾಳ ಕೈಯಲ್ಲಿ ಪತ್ರ ಕೊಟ್ಟೆ. ಊಟದ ಮನೆಯ ಗೋಡೆಯ ಮೇಲೆ ಅಣ್ಣ ತನ್ನ ಕೈಯಾರೆ ದೊಡ್ಡದಾಗಿ ಬರೆದ: ಬಡಿಸಿದ್ದಷ್ಟೇ ಎಲೆಯ ಮೇಲೆ.

ಮದುವೆಯ ದಿನ ಬೆಳಿಗ್ಗೆ ಏಳಕ್ಕೆ ಲಗಮವ್ವ ಮುಂದಿನ ಬಾಗಿಲಿಗೆ ಬಂದಳು. ಹಸಿರು ಇಳಕಲ್ ಸೀರೆ, ಕೈತುಂಬ ಬಳೆ, ಹಿಂದೆ ಮಂಜುಳಾ, ಅವಳ ಹಿಂದೆ ಇಡೀ ಬಳಗ. ನಾನು ಆರತಿ ಹಿಡಿದು ನಿಂತಿದ್ದೆ. ಹೊಸ್ತಿಲ ಮುಂದೆ ಬಂದವಳು ರೂಢಿಯಂತೆ ಓಣಿಯ ಕಡೆ, ಹಿತ್ತಲ ದಾರಿಗೆ, ಒಂದು ಹೆಜ್ಜೆ ತಿರುಗಿದಳು. ಆಮೇಲೆ ನೆನಪಾಗಿ ನಕ್ಕಳು. ನನಗೆ ನಗು ಬರಲಿಲ್ಲ, ನಾಚಿಕೆಯಾಯಿತು.

ಹನ್ನೊಂದರ ಸುಮಾರಿಗೆ ರಾಮದುರ್ಗದಿಂದ ಬೀಗರ ಗಾಡಿಗಳು ಬಂದವು. ಅವುಗಳ ಬೆನ್ನಿಗೇ ಒಂದು ಪಿಕಪ್ಪು, ಅದರ ತುಂಬ ಸಣ್ಣ ನೀರಿನ ಬಾಟಲಿ, ಐಸ್‌ಕ್ರೀಮಿನ ಬಟ್ಟಲು. ಗಂಡಿನ ಸೋದರಮಾವ ಸದಾಶಿವ ಅದರ ಮುಂದೆ ಮೀಸೆ ತಿರುವುತ್ತ ನಿಂತಿದ್ದ. ತಮ್ಮ ಕಡೆಯ ಉಡುಗೊರೆ ಇದು, ಎಂಟು ನೂರು ಜನಕ್ಕೂ ಒಂದೊಂದು ಬಾಟಲಿ ಇಡಿಸಬೇಕು ಎಂದ. ನಾನು ಗೋಡೆಯ ಬರಹ ತೋರಿಸಿದೆ, ನೋಟಿಸಿನ ಕಥೆ ಹೇಳಿದೆ, ಸ್ಟೀಲ್ ಲೋಟ ತೋರಿಸಿದೆ. ಲೋಟದಲ್ಲಿ ನೀರು ಕೊಟ್ಟರೆ ನಮ್ಮ ಮರ್ಯಾದೆ ಏನಾಗಬೇಕು, ಕಾರ್ಯಾಲಯದವರಿಗೆ ಬೀಗರ ಮಾತಿನಲ್ಲಿ ಏನು ಕೆಲಸ ಎಂದು ಅವನು ದನಿ ಏರಿಸಿದ. ನನಗೂ ಏರಿಸಲು ಬರುತ್ತದೆ. ಆದರೆ ಹೆಣ್ಣಿನ ಮದುವೆ, ಅಕ್ಷತೆ ಇನ್ನೂ ಬಿದ್ದಿಲ್ಲ, ಗಂಡಿನ ಕಡೆಯವರು ಮುನಿಸಿಕೊಂಡರೆ ಗತಿಯೇನು? ಲಗಮವ್ವನ ಕಡೆ ನೋಡಿದೆ. ಅವಳು ಹೂಂ ಅಂದರೆ ಬಾಟಲಿ ಇಳಿಯುತ್ತಿದ್ದವು, ಕಾರ್ಯಾಲಯ ಮುಳುಗುತ್ತಿತ್ತು. ನಾನು ಬೇಡ ಎನ್ನುತ್ತಿರಲಿಲ್ಲ, ದೇವರಾಣೆ.

ಲಗಮವ್ವ ಸೆರಗು ಸರಿಮಾಡಿಕೊಂಡು ಪಿಕಪ್ಪಿನ ಹತ್ತಿರ ಹೋಗಿ ನಿಂತಳು. ದನಿ ಏರಿಸಲಿಲ್ಲ.

"ಬೀಗರ, ಇಪ್ಪತ್ತೆರಡ ವರ್ಷ ನಾ ಈ ಮನ್ಯಾಗ ಮಂದಿ ಎಲಿ ಬಿಡಿಸಿ ಇಂಥಾವ ಬಾಟಲಿ ಆರಿಸೇನಿ. ಇವತ್ತ ನನ್ನ ಮೊಮ್ಮಗಳ ಮದವಿ, ಇವತ್ತ ನಾ ಆರಸಂಗಿಲ್ಲ. ನೀವು ಆರಿಸ್ತೇನಿ ಅಂದ್ರ ಇಳಸ್ರಿ, ನಾ ಬ್ಯಾಡ ಅನ್ನಂಗಿಲ್ಲ."

ಸದಾಶಿವ ಮೀಸೆಯಿಂದ ಕೈ ತೆಗೆದ. ಒಳಗಿಂದ ಬಂದ ಅಪ್ಪು, ಬಾಸಿಂಗ ಕಟ್ಟಿಕೊಂಡ ಮದುಮಗ, ಮಾವನ ಕಿವಿಯಲ್ಲಿ ಅದೇನು ಹೇಳಿದನೋ ಗೊತ್ತಿಲ್ಲ. ಪಿಕಪ್ಪು ಬಂದ ದಾರಿಯಲ್ಲೇ ತಿರುಗಿ ಹೋಯಿತು. ನನಗೆ ಅಲ್ಲೇ ಲಗಮವ್ವನನ್ನು ಎತ್ತಿ ಕುಣಿಸಬೇಕೆನಿಸಿತು, ಮೊಣಕಾಲು ಬಿಡಲಿಲ್ಲ.

ಅಕ್ಷತೆ ಬಿತ್ತು. ಮೊದಲ ಪಂಕ್ತಿಗೆ ಇನ್ನೂರು ಎಲೆ ಹಾಕಿದೆವು. ಅಣ್ಣ ಸೌಟು ಹಿಡಿದು ಸಾಲಿನ ನಡುವೆ ನಡೆಯುತ್ತ, ನಾನು ಬಡಿಸದ ವಸ್ತು ಎಲೆಯ ಮೇಲೆ ಕಂಡರೆ ಹುಗ್ಗಿ ಇಲ್ಲ ಎಂದು ಸಾರಿದ. ಗುಟಕಾ ಚೀಟಿ ಕೈಯಲ್ಲಿ ಹಿಡಿದಿದ್ದವರು ಮೆಲ್ಲಗೆ ಕಿಸೆಗೆ ಇಳಿಸಿಕೊಂಡರು. ವೆಂಕಣ್ಣನ ಹುಗ್ಗಿ ಬಿಡುವ ಗಂಡಸು ಈ ಸೀಮೆಯಲ್ಲಿ ಹುಟ್ಟಿಲ್ಲ.

ಪಂಕ್ತಿ ಎದ್ದಿತು. ಇನ್ನೂರು ಎಲೆ ಹಾಗೇ ಉಳಿದವು. ಒಂದು ನಿಮಿಷ, ಎರಡು ನಿಮಿಷ ಕಳೆದರೂ ಯಾರೂ ಎತ್ತಲು ಬರಲಿಲ್ಲ. ಹೆಂಗಸರನ್ನು ಕರೆಯಲು ಹಿತ್ತಲಿಗೆ ಓಡಿದೆ, ಹಿತ್ತಲು ಖಾಲಿ. ಆಗ ಹೊಳೆಯಿತು ನನ್ನ ಮಂಕು ತಲೆಗೆ. ನಾದಿನಿ, ಸೊಸೆ, ತಂಗಿಯ ಮಕ್ಕಳು, ಎಲೆ ಎತ್ತುವ ಎಂಟೂ ಮಂದಿ ಲಗಮವ್ವನ ಬಳಗ. ಎಂಟೂ ಮಂದಿ ಇವತ್ತು ಹೊಸ ಸೀರೆ ಉಟ್ಟು ಹೆಣ್ಣಿನ ಕಡೆಯವರಾಗಿ ಒಳಗೆ ಕೂತಿದ್ದಾರೆ. ಗುಂಡಿ ತೋಡಿಸಿದೆ, ಲೋಟ ಎಣಿಸಿದೆ, ಪತ್ರ ಕೊಟ್ಟೆ. ಎಲೆ ಎತ್ತುವವರು ಯಾರೆಂದು ನಾನಾಗಲಿ ಅಣ್ಣನಾಗಲಿ ಒಂದು ಕ್ಷಣ ಯೋಚಿಸಿರಲಿಲ್ಲ. ಎಲೆಗಳು ತಮ್ಮಷ್ಟಕ್ಕೆ ತಾವೇ ಏಳುತ್ತವೆಂದು ತಿಳಿದಿದ್ದೆವೇನೋ.

ಬಾಗಿಲಲ್ಲಿ ಎರಡನೆಯ ಪಂಕ್ತಿಯವರು ನೂಕಾಡುತ್ತಿದ್ದರು. ಶೈಲಜಾ ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು. ಲಗಮವ್ವ ಒಳಗಿಂದ ನೋಡಿದವಳೇ ಇಳಕಲ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುತ್ತ ಬಂದಳು. ನಾನು ಅವಳನ್ನು ತಡೆಯಲಿಲ್ಲ, ಇದನ್ನು ಮುಚ್ಚಿಟ್ಟು ಕಥೆ ಹೇಳಲಾರೆ.

ತಡೆದವನು ಅಣ್ಣ. ಸೌಟು ಕೆಳಗಿಟ್ಟು ಅವಳ ದಾರಿಗೆ ಅಡ್ಡ ನಿಂತ.

"ಲಗಮವ್ವಾ, ಇವತ್ತ ನೀವು ಬೀಗತಿ. ಒಳಗ ಹೋಗಿ ಕುಂದರ್ರಿ."

ಇಷ್ಟು ಹೇಳಿ ಬಗ್ಗಿದ. ಒದ್ದೆ ಪಂಚೆಯಲ್ಲಿ, ಅರವತ್ತೆಂಟು ವರ್ಷದ ಮಡಿಯಲ್ಲಿ, ಮೊದಲ ಎಲೆಗೆ ಎರಡೂ ಕೈ ಹಾಕಿದ. ಎತ್ತಿ ನನ್ನ ಕಡೆ ನೋಡಿ, ನಿಂತೇನು ನೋಡುತ್ತೀ, ಬುಟ್ಟಿ ತಾ ಎಂದು ಬೈದ. ನಾನು ಬುಟ್ಟಿ ತಂದೆ, ಸೆರಗು ಕಟ್ಟಿ ಆ ಕಡೆಯ ಸಾಲು ಹಿಡಿದೆ. ಅಡುಗೆಯ ಹುಡುಗರು ಬಾಯಿ ತೆರೆದು ನೋಡಿ, ಆಮೇಲೆ ನಾಚಿ ಅವರೂ ಬಂದರು. ನನ್ನ ಜೀವಮಾನದಲ್ಲಿ ಊಟವಾದ ಎಲೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಹುಗ್ಗಿಯ ಜಿಗುಟು, ಸಾರಿನ ನುಗ್ಗೆಕಾಯಿ ಸಿಪ್ಪೆ, ಅಷ್ಟೇ, ಅದಕ್ಕೇನು ಕೋಡಿರಲಿಲ್ಲ.

ನಾಲ್ಕನೆಯ ಪಂಕ್ತಿಯ ಹೊತ್ತಿಗೆ ಶೈಲಜಾ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು, ಎಲೆಗಳ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ವೆಂಕಣ್ಣ ಎದುರಿಗೇ ಬರುತ್ತಿದ್ದ. ಅವಳು ಅವನ ಹಿಂದೆ ಹಿತ್ತಲಿಗೆ ನಡೆದಳು. ಹಸಿ ಕಸದ ಡ್ರಮ್ಮು ಮಗುಚಿಸಿ ಎಂದಳು. ನಾನೇ ಮಗುಚಿದೆ. ಕೋಲು ಹಿಡಿದು ತಳದವರೆಗೆ ಕೆದಕಿದಳು. ಎಲೆ, ಅನ್ನ, ಕರಿಬೇವು, ನುಗ್ಗೆಕಾಯಿ ಸಿಪ್ಪೆ. ಇನ್ನೊಂದು ಡ್ರಮ್ಮು, ಅದೂ ಹಾಗೆ. ಒಣ ಕಸದ ಡ್ರಮ್ಮಿನಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ, ಒಂದಿಷ್ಟು ಹೂವಿನ ದಾರ. ಎಂಟು ನೂರು ಜನದ ಊಟಕ್ಕೆ ಇಷ್ಟೇ ಒಣ ಕಸವೇ ಎಂದು ಕೇಳಿದಳು. ನಾನು ತಲೆಯಾಡಿಸಿದೆ. ಅವಳು ಕಡತ ತೆರೆದು ಸರಿಯಾಗಿದೆ ಎಂದು ಬರೆದು ಸಹಿ ಹಾಕಿದಳು. ಮುಂದಿನ ವಾರ ಕಿತ್ತೂರಿನ, ರಾಮದುರ್ಗದ ಕಾರ್ಯಾಲಯದವರನ್ನು ಕರೆತರುತ್ತೇನೆ, ಇದನ್ನು ಹೇಗೆ ಮಾಡಿದಿರಿ ಎಂದು ಅವರಿಗೆ ಹೇಳಬೇಕು ಎಂದಳು.

"ನನ್ನ ಕೇಳಬ್ಯಾಡವಾ," ಎಂದ ಅಣ್ಣ. "ಹೇಳಿಕೊಟ್ಟಾಕಿ ಒಳಗ ಕೂತಾಳ, ಆಕಿನ್ನ ಕೇಳು."

ಶೈಲಜಾ ಹೋಗಿ ಲಗಮವ್ವನ ಮುಂದೆ ಕೂತು ಕಡತ ಬಿಚ್ಚಿದಳು. ಮಂಜುಳಾ ಅಜ್ಜಿಯ ತೋಳು ಹಿಡಿದುಕೊಂಡು ಪಕ್ಕದಲ್ಲಿ ನಿಂತಳು. ಲಗಮವ್ವ ಬೆರಳು ಮಡಚುತ್ತ ಹೇಳಿದಳು, ಆ ಹುಡುಗಿ ಬರೆದುಕೊಂಡಳು. ನನ್ನ ಕಾರ್ಯಾಲಯದ ಹಜಾರದ ನಟ್ಟನಡುವೆ, ಬೀಗರೆಲ್ಲ ನೋಡುತ್ತಿದ್ದಂತೆ. ಸದಾಶಿವ ಸಹ ಕಿವಿಗೊಟ್ಟು ನಿಂತಿದ್ದ.

ಹೆಣ್ಣಿನ ಕಡೆಯವರು ಕಡೆಯ ಪಂಕ್ತಿಗೆ ಕೂರುವುದು ನಮ್ಮಲ್ಲಿ ರೂಢಿ. ನಾಲ್ಕು ಗಂಟೆಗೆ ಒಂಬತ್ತು ಹೆಂಗಸರೂ ಸಾಲಾಗಿ ಕೂತರು. ಅಣ್ಣ ಬಡಿಸಿದ, ಹುಗ್ಗಿಯ ಮೇಲೆ ತುಪ್ಪವನ್ನು ಸಾಕು ಸಾಕು ಎಂದರೂ ಸುರಿದ. ಉಂಡಾದ ಮೇಲೆ ಲಗಮವ್ವ ರೂಢಿಯಂತೆ ತನ್ನ ಎಲೆಯನ್ನು ತಾನೇ ಎತ್ತಿಕೊಳ್ಳಲು ಹೋದಳು. ಆ ಕಡೆಯ ತುದಿಯನ್ನು ಅಣ್ಣ ಹಿಡಿದ. ಅವಳು ಬಿಡಲಿಲ್ಲ, ಇವನೂ ಬಿಡಲಿಲ್ಲ. ಎಲೆ ಹರಿಯುತ್ತದೇನೋ ಅಂದುಕೊಂಡೆ.

"ಪಾಪ ಬರತೈತ್ರಿ ಆಚಾರ್ರ, ಬಿಡ್ರಿ," ಎಂದಳು ಲಗಮವ್ವ. ಅವಳ ಕಣ್ಣು ತುಂಬಿದ್ದವು.

"ಬರೂದೆಲ್ಲಾ ನಮಗ ಇಷ್ಟು ವರ್ಷದಾಗ ಬಂದಾಗೇದ," ಎಂದ ಅಣ್ಣ. "ಈಗ ಕೈ ಬಿಡ್ರಿ."

ಅವಳು ಕೈ ಬಿಟ್ಟಳು.